ಭಾಂಡೆ ಅಂಗಡಿಯಲ್ಲಿ ಇಂಗ್ಲೆಂಡಿನದಾದ ಚಾಕು

ಬೆಟಗೇರಿಯಲ್ಲಿ ನನ್ನ ತಮ್ಮನ ಮನೆಯ ಹಾಲಿನಲ್ಲಿ ಒಂದು ಗಾಜಿನ ಕಪಾಟಿದೆ. ಅದರೊಳಗೆ ಕೆಂಪು ಮಖಮಲ್ಲಿನ ಮೇಲೆ ನಮ್ಮ ಅಪ್ಪನ ಬೇಟೆಯ ಚಾಕು ಇರುತ್ತಿತ್ತು. ಗೇಣಿಗಿಂತ ತುಸು ಉದ್ದ, ಮಡಚಲು ಬಾರದ್ದು, ಎಮ್ಮೆಯ ಕೊಂಬಿನ ಕರಿ ಹಿಡಿ. ಅಲಗಿನ ಮೇಲೆ ಒಂದು ಅಕ್ಷರವಿಲ್ಲ, ಒಂದು ಮುದ್ರೆಯಿಲ್ಲ. ಮುದ್ರೆ ಇಲ್ಲದ ವಸ್ತುವಿನ ಬಗ್ಗೆ ಏನು ಬೇಕಾದರೂ ಹೇಳಬಹುದು ಎಂಬುದನ್ನು ತಮ್ಮ ಬಹಳ ಹಿಂದೆಯೇ ಕಂಡುಕೊಂಡಿದ್ದ. ಬಂದವರಿಗೆಲ್ಲ ಚಹಾದ ಜೊತೆ ಇದನ್ನೂ ಬಡಿಸುತ್ತಿದ್ದ: "ಬ್ರಿಟಿಷ್ ಸಾಹೇಬ ನಮ್ಮಪ್ಪಗ ಪ್ರೆಸೆಂಟ್ ಕೊಟ್ಟಿದ್ರಿ. ಪ್ಯೂರ್ ಇಂಗ್ಲಿಷ್ ಸ್ಟೀಲ್."

ನಾನ್‌ಸೆನ್ಸ್! ಆ ಚಾಕು ಹುಟ್ಟಿದ ದಿನ ನಾನು ಅಲ್ಲಿದ್ದೆ. ಸಾಹೇಬರೆಲ್ಲ ಹಡಗು ಹತ್ತಿ ಹೋಗಿ ವರ್ಷಗಳಾಗಿದ್ದವು. ತಮ್ಮ ಇನ್ನೂ ಅವ್ವನ ಹೊಟ್ಟೆಗೂ ಬಂದಿರಲಿಲ್ಲ.

ಲಕ್ಷ್ಮೇಶ್ವರ ಅವ್ವನ ತವರು. ಕಾನ್ವೆಂಟಿಗೆ ರಜೆ ಬಿಟ್ಟರೆ ನಾನು ಅಲ್ಲಿಯೇ. ಆ ಸಲ ಅಪ್ಪ ಯಳವತ್ತಿ ಕಡೆ ಮೊಲದ ಬೇಟೆಗೆ ಹೋಗಿ, ಇದ್ದ ಚಾಕುವನ್ನು ಬಾವಿಯಲ್ಲಿ ಬೀಳಿಸಿಕೊಂಡು ಬಂದಿದ್ದ. ಯಾವುದೋ ವಿಲಾಯತಿ ಕ್ಯಾಟಲಾಗಿನಿಂದ ಒಂದು ಹಾಳೆ ಕತ್ತರಿಸಿ, ನನ್ನನ್ನೂ ಕರೆದುಕೊಂಡು ಪೇಟೆಯ ಕುಲುಮೆಗೆ ಹೋದ. ಕಮ್ಮಾರ ಹಾಳೆಯನ್ನು ಅಡ್ಡ ಹಿಡಿದ, ಉದ್ದ ಹಿಡಿದ, ಆಮೇಲೆ ನಕ್ಕ.

"ಚಿತ್ರ ಛಲೋ ಐತ್ರಿ ವಕೀಲ್ರ. ಆದ್ರ ಇದು ಬರೇ ಮಗ್ಗಲಾ ತೋರಸ್ತೈತಿ. ಬೆನ್ನು ಎಷ್ಟು ದಪ್ಪ ಅಂತ ಯಾರ್ನ ಕೇಳ್ಲಿ?"

ಅಪ್ಪನಿಗೂ ಗೊತ್ತಿರಲಿಲ್ಲ. ಕಮ್ಮಾರ ತನಗೆ ಗೊತ್ತಿದ್ದ ಬೆನ್ನನ್ನೇ ಹಾಕಿದ, ಕಬ್ಬು ಕಡಿಯುವ ಕೊಯಿತಿಯ ಬೆನ್ನು. ಹೀಗಾಗಿ ಆ ಚಾಕು ಮಗ್ಗುಲಿನಿಂದ ನೋಡಿದರೆ ಇಂಗ್ಲೆಂಡು, ಮೇಲಿನಿಂದ ನೋಡಿದರೆ ಲಕ್ಷ್ಮೇಶ್ವರ. ಕೆಲಸ ಮುಗಿದಾಗ, ಪೆನ್ಸಿಲ್ಲಿನ ಮೇಲೂ ಹೆಸರು ಬರೆದುಕೊಳ್ಳಲು ಸಿಸ್ಟರುಗಳು ಕಲಿಸಿದ್ದ ನಾನು, "ನಿಮ್ಮ ಹೆಸರು ಹಾಕೂದಿಲ್ಲೇನು?" ಎಂದು ಕೇಳಿದೆ.

"ಹೆಸರ ಹಾಕಿದ್ರ ಹರಿತ ಆಕ್ಕೈತೇನ, ತಂಗಿ?" ಎಂದ ಆ ಮನುಷ್ಯ. "ಯಾರ ಮಾಡ್ಯಾರಂತ ಊರಿಗೆಲ್ಲ ಗೊತ್ತೈತಿ."

ಆ ಊರಿಗೆ ಗೊತ್ತಿತ್ತು. ಆ ಊರೇ ಈಗ ಎಲ್ಲಿದೆ?

ಇದನ್ನು ತಮ್ಮನಿಗೆ ಎಷ್ಟೋ ಸಲ ಹೇಳಿದ್ದೇನೆ. "ಏಳು ವರ್ಷದ ಹುಡುಗಿ ಇದ್ದಿ. ನಿನಗೇನ ನೆನಪ ಇರ್ತೈತಿ, ಅಕ್ಕ?" ಎನ್ನುತ್ತಾನೆ. ಹುಟ್ಟದೇ ಇದ್ದವನ ನೆನಪು ನನ್ನದಕ್ಕಿಂತ ಗಟ್ಟಿ! ಕಳೆದ ವರ್ಷ ಶ್ರಾವಣದಲ್ಲಿ ನನ್ನ ತಾಳ್ಮೆ ಮುಗಿಯಿತು. ಎವಿಡೆನ್ಸ್ ತರುತ್ತೇನೆ ಎಂದು ಚಾಕುವನ್ನು ಕೇಳಿ ತೆಗೆದುಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ.

ಆ ಕಮ್ಮಾರನ ಮಗ ಈಗಲೂ ಅದೇ ಜಾಗದಲ್ಲಿದ್ದಾನೆ. ಹೆಚ್ಚುಕಡಿಮೆ ನನ್ನದೇ ವಯಸ್ಸು. ಚಾಕುವನ್ನು ಕೈಗೆ ಕೊಟ್ಟೆ. ಬೆನ್ನಿನ ಮೇಲೆ ಹೆಬ್ಬೆರಳು ಎಳೆದ.

"ನಮ್ಮಪ್ಪನ ಕೈಯಾಗಿಂದು ಒಂದೂ ಉಳದಿಲ್ರಿ ಅಕ್ಕಾರ," ಎಂದ. "ಕುರ್ಪಿ, ಕುಡಗೋಲ, ಕೊಡ್ಲಿ, ಎಲ್ಲಾ ಹೊಲದಾಗ ಸವದ ಹೋದ್ವು. ಉಳದದ್ದು ಗುಜರಿಗೆ ಹೋತು. ಇದು ಅವಂದ ಅಂತ ಅನಸ್ತೈತಿ. ಖರೆ ಮಾಡ್ಕೋಬೇಕಂದ್ರ ಹಿಡಿ ಬಿಚ್ಚಬೇಕು."

ಬಿಚ್ಚು ಎಂದೆ. ಬಿಸಿ ಮಾಡಿದ; ಹಿಡಿಯೊಳಗಿನ ಅರಗು ಕರಗಿತು; ಮೆಲ್ಲಗೆ ಎಳೆದ. ಹಿಡಿಯೊಳಗೆ ಅಡಗಿದ್ದ ಉಕ್ಕಿನ ಬಾಲದ ತುಂಬ ಸಣ್ಣ ಸಣ್ಣ ಅಡ್ಡಗೆರೆಗಳು. ಕಬ್ಬಿಣ ಉಜ್ಜುವ ಅರದ ಹಲ್ಲುಗಳು. ಅವನ ಅಪ್ಪ ಸವೆದ ಅರವನ್ನು ಎಸೆಯುತ್ತಿರಲಿಲ್ಲವಂತೆ. ಅದನ್ನೇ ಕಾಯಿಸಿ, ಬಡಿದು, ಅಲಗು ಮಾಡುತ್ತಿದ್ದ. ಹಿಡಿಯೊಳಗೆ ಹೋಗುವ ಭಾಗವನ್ನು ಮಾತ್ರ ಹಾಗೆಯೇ ಬಿಡುತ್ತಿದ್ದ. "ಕಾಣಲಾರದ್ದನ್ನ ಯಾಕ ತಿಕ್ಕಬೇಕು ಅಂತಿದ್ದಾ," ಎಂದು ಹೇಳಿ ಆ ಬಾಲವನ್ನು ಹಣೆಗೆ ಮುಟ್ಟಿಸಿಕೊಂಡ. ನಾನು ಫೋನಿನಲ್ಲಿ ಫೋಟೋ ತೆಗೆದೆ. ಹೊಸ ಅರಗು ಹಾಕಿ ಹಿಡಿ ಕೂರಿಸಿ ಕೊಟ್ಟ.

ತಮ್ಮ ಫೋಟೋ ನೋಡಿದ. "ಆ ಅರ ವಿಲಾಯತಿದ ಇರಬೇಕಲ್ಲ? ಹಂಗಾರ ಸ್ಟೀಲ್ ಇಂಗ್ಲಿಷೇ ಆತು," ಎಂದು ನಕ್ಕ. ಆದರೂ ಖಂಡೇನವಮಿಗೆ ಆ ಕಮ್ಮಾರನ ಮಗನನ್ನು ಕರೆದುಕೊಂಡು ಬಾ, ಆಯುಧಪೂಜೆಯ ಹೊತ್ತಿಗೆ ಎಲ್ಲರ ಮುಂದೆ ಖರೆ ಹೇಳುತ್ತೇನೆ ಎಂದು ಒಪ್ಪಿದ. ನಾನು ನಂಬಿ ಚಾಕುವನ್ನು ವಾಪಸು ಕೊಟ್ಟೆ. ಗುಡ್ ಗರ್ಲ್! ಇಷ್ಟು ವಯಸ್ಸಾದರೂ ಗುಡ್ ಗರ್ಲ್.

ಖಂಡೇನವಮಿಯ ದಿನ ನಾನೂ ಕಮ್ಮಾರನ ಮಗನೂ ಹೋದೆವು. ಅವನು ಇಸ್ತ್ರಿಯ ಅಂಗಿ ತೊಟ್ಟು, ಚೆಂಡು ಹೂವಿನ ಮಾಲೆ ಹಿಡಿದಿದ್ದ. ಮಣೆಯ ಮೇಲೆ ಕತ್ತರಿ, ಈಳಿಗೆ, ಸ್ಪ್ಯಾನರುಗಳ ನಡುವೆ ವಿಭೂತಿ, ಕುಂಕುಮ ಹಚ್ಚಿಸಿಕೊಂಡು ಚಾಕು ಕುಳಿತಿತ್ತು, ಹೊಸ ಸ್ಟೀಲ್ ತಟ್ಟೆಯ ಹಾಗೆ ಥಳಥಳ ಹೊಳೆಯುತ್ತ. ಎಪ್ಪತ್ತು ವರ್ಷದ ಕಪ್ಪು ಹೋಗಿತ್ತು. ಸುತ್ತಿಗೆಯ ಸಣ್ಣ ತಗ್ಗುಗಳು ಹೋಗಿದ್ದವು. ಅಲಗಿನ ಮೇಲೆ, ಮದುವೆಯಲ್ಲಿ ಆಯೇರಿ ಕೊಡುವ ಪಾತ್ರೆಗಳ ಮೇಲಿರುತ್ತದಲ್ಲ, ಅದೇ ಚುಕ್ಕೆ ಚುಕ್ಕೆಯ ಇಂಗ್ಲಿಷ್ ಅಕ್ಷರಗಳಲ್ಲಿ: ಮೇಡ್ ಇನ್ ಇಂಗ್ಲೆಂಡ್.

"ಹಬ್ಬಕ್ಕ ಪಾಲಿಶ್ ಮಾಡಿಸ್ದೆ," ಎಂದ ತಮ್ಮ. "ಭಾಂಡೆ ಅಂಗಡ್ಯಾಗ ಹೆಸರ ಹಾಕೂ ಮಷಿನ್ ಇತ್ತು. ಹಂಗ ಬರಿಸಿಬಿಟ್ಟೆ. ನೋಡಾಕ ಛಂದ ಐತಿಲ್ಲೋ?"

ಸಿಟ್ಟು ಬಂದರೆ ಹತ್ತರವರೆಗೆ ಎಣಿಸಿ ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ನಾನು ಮೂರಕ್ಕೇ ಮುಗಿಸಿದೆ.

"ನಾಚಿಕಿ ಆಗೂದಿಲ್ಲೇನೋ ನಿನಗ?"

"ಅಕ್ಕ, ಹಬ್ಬದ ದಿನ ಸೀನ್ ಕ್ರಿಯೇಟ್ ಮಾಡಬ್ಯಾಡ."

"ಕ್ರಿಯೇಟ್ ಮಾಡೂದು ನೀ ಕಲ್ತೀ. ನಾ ಅಲ್ಲ."

ಕಮ್ಮಾರನ ಮಗ ತಾನು ತಂದ ಮಾಲೆಯನ್ನು ಆ ಅಕ್ಷರಗಳ ಮೇಲೆಯೇ ಇಟ್ಟು ಕೈ ಮುಗಿದ. ಆ ಬರಹವನ್ನು ಅಳಿಸಲು ಬರುತ್ತದೆಯೇ ಎಂದು ಕೇಳಿದೆ. "ಬರ್ತೈತ್ರಿ," ಎಂದ. "ಆದ್ರ ಮತ್ತ ತಿಕ್ಕಬೇಕು. ನಮ್ಮಪ್ಪಂದು ಇನ್ನಷ್ಟು ಹೋಕ್ಕೈತಿ. ಇರ್ಲಿ ಬಿಡ್ರಿ."

ನಾನು ಬಿಡಲಿಲ್ಲ. ಚಾಕುವನ್ನು ಕುಂಕುಮ ಸಮೇತ ಕರ್ಚೀಫಿನಲ್ಲಿ ಸುತ್ತಿ ಅವನ ಕೈಗಿಟ್ಟೆ.

"ಅದು ನನ್ನ ಪ್ರಾಪರ್ಟಿ!" ತಮ್ಮ ಎದ್ದು ನಿಂತ.

"ಹೌದಪಾ, ನಿಂದ. ಲಕ್ಷ್ಮೇಶ್ವರಕ್ಕ ಹೋಗು. ಕುಲಿಮಿ ಮುಂದ ನಿಂತು, ಇದನ್ನ ಯಾರ ಮಾಡಿದ್ರು ಅಂತ ಬಾಯಿಬಿಟ್ಟು ಹೇಳು. ಹೇಳಿ ತಗೊಂಡ ಬಾ."

"ಬ್ಯಾಡ್ರಿ ಅಕ್ಕಾರ," ಕಮ್ಮಾರನ ಮಗ ಕರ್ಚೀಫಿನ ಗಂಟನ್ನು ನನ್ನತ್ತ ಚಾಚಿದ. "ನಾಳಿ ನನ್ನ ಕಳ್ಳ ಅಂದಾರು."

ಆ ಮಾತಿಗೆ ತಮ್ಮ ಹಾಗೆ ಅನ್ನುವುದಿಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದು, ಚಾಕುವನ್ನು ನಾನೇ ಕೊಟ್ಟಿದ್ದೇನೆ ಎಂದು ಅಲ್ಲಿಯೇ ಬರೆದು, ಸಹಿ ಮಾಡಿ, ಕಮ್ಮಾರನ ಮಗನ ಅಂಗಿಯ ಜೇಬಿಗೆ ತುರುಕಿದೆ.

ತಮ್ಮ ಇನ್ನೂ ಹೋಗಿಲ್ಲ. ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಮುಂಡರಗಿಯಿಂದ ಬೀಗರು ಬರುವವರಿದ್ದಾರೆ, ಚಾಕು ಎಲ್ಲಿ ಅಂದರೆ ಏನು ಹೇಳಲಿ ಎನ್ನುತ್ತಾನೆ. ಲಕ್ಷ್ಮೇಶ್ವರಕ್ಕೆ ಬಸ್ಸು ಬೇಕಾದಷ್ಟಿವೆ ಎನ್ನುತ್ತೇನೆ, ಫೋನ್ ಇಡುತ್ತೇನೆ.