ಚೆನ್ನೆಮಣೆಯ ಐವತ್ತಾರು ಬೀಜ

ಅಮೆರಿಕದ ಗೈದರ್ಸ್‌ಬರ್ಗಿನ ಯಹೂದಿ ಮಕ್ಕಳ ಭಾನುವಾರದ ಶಾಲೆಯೊಂದರಲ್ಲಿ ಕುಂದಾಪುರದ ಸರೋಜಿನಿ ಐದು ವರ್ಷದಿಂದ ಸಹಾಯಕಿ. ಅಂಟು, ಕತ್ತರಿ, ಮೂಗು ಒರೆಸುವ ಕಾಗದ ಅವರ ಖಾತೆ. 2024ರ ಮಾರ್ಚಿನಲ್ಲಿ ಶಾಲೆಯ ಮುಖ್ಯಸ್ಥೆ ಶೋಶನಾ, ಪುರಿಮ್ ಹಬ್ಬಕ್ಕೆ ಮಕ್ಕಳಿಂದ ಗಿಲಕಿ ಮಾಡಿಸುವ ಹೊಣೆಯನ್ನು ಮೊದಲ ಬಾರಿಗೆ ಪೂರ್ತಿ ಅವರಿಗೇ ಒಪ್ಪಿಸಿದರು. ಚೆನ್ನಾಗಿ ನಡೆದರೆ ಮುಂದಿನ ವರ್ಷದಿಂದ ಕರಕುಶಲದ ಕ್ಲಾಸೇ ಅವರದು.

ಹಬ್ಬದ ಪದ್ಧತಿ ಸರೋಜಿನಿಗೆ ಬಾಯಿಪಾಠ. ಪರ್ಷಿಯಾದಲ್ಲಿ ಯಹೂದಿಗಳನ್ನೆಲ್ಲ ಕೊಲ್ಲಿಸಲು ಹೊರಟ ಹಾಮಾನ್ ಎಂಬ ಮಂತ್ರಿಯ ಕಥೆಯನ್ನು ಸಭೆಯಲ್ಲಿ ಓದುತ್ತಾರೆ. ಅವನ ಹೆಸರು ಬಂದಾಗಲೆಲ್ಲ ಮಕ್ಕಳು ಗಿಲಕಿ ಆಡಿಸಿ, ಅದು ಯಾರ ಕಿವಿಗೂ ಬೀಳದಂತೆ ಗದ್ದಲ ಎಬ್ಬಿಸಬೇಕು.

ಪತಿ ರತ್ನಾಕರರದು ಸರ್ಕಾರಿ ಲ್ಯಾಬಿನಲ್ಲಿ ಸದ್ದು ಅಳೆಯುವ ಉದ್ಯೋಗ. ಅವರೆದುರು ಕುಕ್ಕರ್ ಕೂಡ ಹಿಂದೆಮುಂದೆ ನೋಡಿ ಸೀಟಿ ಹಾಕುತ್ತದೆ.

“ಸೌಂಡ್ ಅಂದ್ರೆ ನನ್ನ ಫೀಲ್ಡು, ಸರೂ. ಡಿಸೈನ್ ನನಗೆ ಬಿಡು.”

“ಗಲಾಟೆ ಆಗ್ಬೇಕು ರೀ, ಸಂಗೀತ ಕಚೇರಿ ಅಲ್ಲ.”

“ಗಲಾಟೆಗೂ ಕ್ವಾಲಿಟಿ ಅಂತ ಒಂದಿರುತ್ತೆ.”

ಒಂಬತ್ತು ಖಾಲಿ ಕಾಫಿ ಡಬ್ಬಿ, ಒಳಗೆ ಬಟ್ಟೆಯ ಅಸ್ತರು, ತೂಕ ಮಾಡಿ ಹಾಕಿದ ಸಾಬಕ್ಕಿ: ನಕ್ಷೆ ಮೂರು ಪುಟ ಬಂತು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ನಕ್ಷೆಗಳಿಗೆ ಎದುರಾಡಿ ಸುಸ್ತಾಗಿದ್ದ ಸರೋಜಿನಿ ಮಕ್ಕಳಿಂದ ಹಾಗೆಯೇ ಮಾಡಿಸಿದರು.

ಹಬ್ಬಕ್ಕೆ ಒಂದು ವಾರವಿರುವಾಗ ತಾಲೀಮು. ಶೋಶನಾ “ಹಾಮಾನ್” ಎಂದರು. ಒಂಬತ್ತೂ ಡಬ್ಬಿಗಳು ತೊಟ್ಟಿಲ ಕೂಸನ್ನು ಮಲಗಿಸುವಂತೆ ಉಸುರಿದವು. ಏಳು ವರ್ಷದ ಟಾಲಿಯಾ ಕಣ್ಣು ಮುಚ್ಚಿಕೊಂಡು, ಅಜ್ಜಿಯ ಯೋಗ ಕ್ಲಾಸಿನಲ್ಲಿ ಕೂತ ಹಾಗಿದೆ ಎಂದಳು. ಶೋಶನಾ ಗಡಿಯಾರ ನೋಡಿ ಕಥೆಯ ಪುಸ್ತಕ ಮುಚ್ಚಿದರು. ಸರೋಜಿನಿಗೆ ಚುಚ್ಚಿದ್ದು ಅದೇ.

ಅಂದು ಸಂಜೆ ಗಂಡ ಹೆಂಡತಿ ಎಂದಿನಂತೆ ಚೆನ್ನೆಮಣೆಗೆ ಕೂತಿದ್ದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಹುಣಸೆ ಬೀಜ. ರತ್ನಾಕರರು ಕೈಯಾಡಿಸಿದ ಕಡೆಯೆಲ್ಲ ಕಟಕಟ. ಸರೋಜಿನಿ ಕಿವಿಗೊಟ್ಟು ಕೇಳಿಸಿಕೊಂಡರು. ಆಮೇಲೆ ಎರಡೂ ಕೈಯಿಂದ ಬೀಜಗಳನ್ನೆಲ್ಲ ಬಾಚಿಕೊಂಡರು.

“ಏನಿದು? ನಾನು ಗೆಲ್ತಾ ಇದ್ದೆ.”

“ಇದು ಡಬ್ಬಿಗೆ ಹೋಗುತ್ತೆ. ನಿಮ್ಮ ಅಸ್ತರು ಕಿತ್ತು ಹಾಕಿಸ್ತೀನಿ.”

“ಅಸ್ತರು ತೆಗೆದ್ರೆ ಬರೀ ಕರ್ಕಶ, ಸರೂ.”

“ಆ ಹಾಮಾನನಿಗೆ ಅದೇ ಸಾಕು.”

ಹಬ್ಬಕ್ಕೆಂದು ಬುಧವಾರ ಇಟ್ಟಿದ್ದ ಹೆಚ್ಚುವರಿ ಕ್ಲಾಸಿನಲ್ಲಿ ಮಕ್ಕಳು ಅಸ್ತರು ಕೀಳುವ ಕೆಲಸವನ್ನು ಅಂಟಿಸುವ ಕೆಲಸಕ್ಕಿಂತ ಶ್ರದ್ಧೆಯಿಂದ ಮಾಡಿದರು. ಸಾಬಕ್ಕಿ ಸುರಿದು, ಒಂಬತ್ತು ಡಬ್ಬಿಗೂ ಆರಾರು ಬೀಜ; ಎರಡು ಉಳಿದವು.

ಹಬ್ಬದ ಬೆಳಿಗ್ಗೆ ರತ್ನಾಕರರು ಕೊನೆಯ ಸಾಲಿನಲ್ಲಿ, ಸದ್ದು ಅಳೆಯುವ ಆ್ಯಪ್ ತೆರೆದು, ಪರೀಕ್ಷಕರ ಗತ್ತಿನಲ್ಲಿ ಕೂತಿದ್ದರು. ಓದುವವರು ಹೆಸರಿನ ಮೊದಲ ಅಕ್ಷರ ಎತ್ತಿದ್ದಷ್ಟೇ. ತಗಡಿನ ಮೇಲೆ ಹುಣಸೆ ಬೀಜ ಬಿದ್ದ ಆರ್ಭಟಕ್ಕೆ ಹಾಮಾನ್ ಹೇಳಹೆಸರಿಲ್ಲದೆ ಹೋದ. ಓದುವವರು ಮುಂದುವರಿಸಲು ಎರಡು ಸಲ ಬಾಯಿ ತೆರೆದು, ಎರಡು ಸಲವೂ ಮುಚ್ಚಿಕೊಂಡರು. ಟಾಲಿಯಾ ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. ಗೋಡೆಗೊರಗಿದ್ದ ಸರೋಜಿನಿಯ ಕಡೆ ತಿರುಗಿ ಶೋಶನಾ ಎರಡೂ ಕಿವಿ ಮುಚ್ಚಿಕೊಂಡು ನಕ್ಕರು. ಐದು ವರ್ಷದಲ್ಲಿ ಅಂಥ ಬಿರುದು ಸರೋಜಿನಿಗೆ ಸಿಕ್ಕಿರಲಿಲ್ಲ.

“ತೊಂಬತ್ತಾರು ಡೆಸಿಬೆಲ್,” ಎಂದು ರತ್ನಾಕರರು ಪಕ್ಕದ ಅಪರಿಚಿತರಿಗೆ ಫೋನು ತೋರಿಸಿದರು. ಫೋನು ಜೇಬಿಗಿಳಿಸಿ, “ಡಿಸೈನ್ ನನ್ನ ಹೆಂಡತಿಯದು,” ಎಂದರು.

ಗಿಲಕಿಗಳನ್ನು ಮಕ್ಕಳು ಮನೆಗೆ ಒಯ್ದರು. ಮುಂದಿನ ವರ್ಷದ ಕ್ಲಾಸಿನ ಮಾತನ್ನು ಶೋಶನಾ ಬಾಗಿಲಲ್ಲೇ ಖಚಿತ ಮಾಡಿದರು.

ಕಾರಿನಲ್ಲಿ ರತ್ನಾಕರರು ಕೇಳಿದರು: “ಸಂಜೆ ಚೆನ್ನೆಮಣೆ ಆಡೋದು ಹೇಗೆ?”

ಸರೋಜಿನಿ ಪರ್ಸಿನಿಂದ ಉಳಿದ ಎರಡು ಬೀಜ ತೆಗೆದು ಅವರ ಅಂಗೈಗೆ ಹಾಕಿದರು. “ನಿಮಗೊಂದು, ನನಗೊಂದು. ಈಗ ಗೆಲ್ಲಿ ನೋಡೋಣ.”