ಅಲುಗಾಡದ ದೀಪ

ಸ್ನೇಹಿತರೇ, ಬೆಳಿಗ್ಗೆ ಫ್ಯಾನ್ ಆರಿಸಿ ಹಚ್ಚಿದ ದೇವರ ದೀಪ ಚಿತ್ರದಲ್ಲಿ ಬರೆದಂತೆ ಅಲುಗಾಡದೆ ನಿಂತಿತ್ತು. ದೇವಿ, ನಮ್ಮ ಅಮ್ಮನೇ ಬಂದಳೆಂದು ಮಂಗಳಾರತಿ ಎತ್ತಿ ಗಂಟೆ ಬಾರಿಸಿದೆ. ಅದೇ ಕೋಣೆಯಲ್ಲಿ, ನೀರೆರೆದು ಸಾಂಬ್ರಾಣಿ ಹಾಕಿ ಮಲಗಿಸಿದ್ದ ಮೊಮ್ಮಗಳು ಕಣ್ಣೇ ಬಿಡಲಿಲ್ಲ. ಪಕ್ಕದಲ್ಲಿ ಕೆಂಡದ ಬಟ್ಟಲು ಇನ್ನೂ ಹೊಗೆಯುತ್ತಿತ್ತು.

ಚಿನ್ನದ ಗಣಿಯೊಳಗೆ ದುಡಿದಿದ್ದ ಮಾವ ಬಾಗಿಲಿಗೆ ಬಂದವರೇ, "ದೀಪ ಅಳ್ಳಾಡ್ತಿಲ್ಲ, ಗಾಳಿ ಸತ್ತೋಗೈತೆ. ಮಗೀನ ಈಚೆಗ್ ತಾರಮ್ಮ" ಎಂದರು. ಎತ್ತಿಕೊಂಡು ಓಡಿದೆ. ಅಂಗಳದಲ್ಲಿ ಎಷ್ಟೋ ಹೊತ್ತಿನ ಮೇಲೆ ಮಗು ಅತ್ತಿತು.

ಗಣಿ ಗುಡ್ಡೆಯ ಧೂಳು ಬರುತ್ತದೆಂದು ಯಜಮಾನರು ನಿನ್ನೆ ಗವಾಕ್ಷಿಗೆ ಥರ್ಮಾಕೋಲ್ ತುರುಕಿದ್ದರು.

"ಫ್ಯಾನ್ ಐತಲ್ಲಪ್ಪ ಅಂತ ಮುಚ್ದೆ" ಎಂದರು ತಂದೆಗೆ.

"ಫ್ಯಾನು ಒಳಗಿನ ಗಾಳೀನೇ ತಿರುವ್ತದೆ. ಕರೆಂಟಿಲ್ದೇನೇ ಒಸ ಗಾಳಿ ತರ್ತಿದ್ದಿದ್ದು ಆ ಗವಾಕ್ಷಿ ಕಣ್ಲಾ" ಎಂದರು ಮಾವ.

ಥರ್ಮಾಕೋಲ್ ಕಿತ್ತೊಡನೆ ದೀಪ ಬಾಗಿತು.

ಅಮ್ಮನೆಂದುಕೊಂಡು ನಾನು ಇವತ್ತು ಯಮನಿಗೆ ಮಂಗಳಾರತಿ ಎತ್ತಿದ್ದೇನೆ.