ಸ್ವಂತ ಆಸನದ ಪ್ರಯಾಣಿಕರು

ಸ್ಕೂಟರಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ನಾನು ಗಾಲಿಕುರ್ಚಿಯಲ್ಲೇ ಓಡಾಡುವವಳು. ಕೂತು ಪಾಠ ಮಾಡುವುದು ಕಷ್ಟವೇನಲ್ಲ. ಧಾರವಾಡದ ಮನೆಯಿಂದ ಹುಬ್ಬಳ್ಳಿಯ ಕಾಲೇಜು ಮುಟ್ಟುವುದೇ ಕಷ್ಟ. ಕುರ್ಚಿ ಕಂಡೊಡನೆ ಟ್ಯಾಕ್ಸಿಯವರ ಗಾಡಿಗಳೆಲ್ಲ ಕೆಟ್ಟು ನಿಲ್ಲುತ್ತಿದ್ದವು. ಕಡೆಗೆ ರಾಯಾಪುರದ ಚಾಲಕನೊಬ್ಬ ಒಪ್ಪಿದ. ದಿನಾ ನನ್ನನ್ನು ಎತ್ತಿ ತನ್ನ ವ್ಯಾನಿನ ಸೀಟಿನ ಮೇಲೆ ಕೂರಿಸಿ, ಕುರ್ಚಿ ಮಡಚಿ ಹಿಂದೆ ಹಾಕುತ್ತಿದ್ದ. ಎಂಟು ತಿಂಗಳಿಗೆ ಆತನ ಸೊಂಟ ಹಿಡಿಯಿತು. ಭಾರ ಎತ್ತಬೇಡ ಎಂದು ಡಾಕ್ಟರು ಹೇಳಿದರಂತೆ.

"ಭಾರ ಅಂದ್ರ ನೀವ ಅಲ್ರೀ, ಅಕ್ಕೋರ," ಎಂದ, ನೆಲ ನೋಡುತ್ತ.

ಇನ್ನು ಬರುವುದಿಲ್ಲ ಎನ್ನುತ್ತಾನೆಂದು ನಾನು ಕಾದೆ. ಆತ ಒಂದು ವಾರ ಗಾಡಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಬಿಟ್ಟ. ಏಳು ಸೀಟುಗಳಲ್ಲಿ ಎರಡನ್ನು ಕಿತ್ತು, ಹಿಂಬಾಗಿಲಿಗೆ ಮಡಚುವ ಕಬ್ಬಿಣದ ಇಳಿಜಾರು ಹಲಗೆ ಕೂರಿಸಿ, ಕುರ್ಚಿಯನ್ನು ಬೆಲ್ಟಿನಿಂದ ಬಿಗಿಯಲು ನೆಲಕ್ಕೆ ನಾಲ್ಕು ಕೊಂಡಿ ಹಾಕಿಸಿ ತಂದ. ಬಿದ್ದ ಮೇಲೆ ಮೊದಲ ಸಲ ಯಾರ ತೋಳಿಗೂ ಜೋತುಬೀಳದೆ ಗಾಡಿ ಹತ್ತಿದೆ.

ಗಾಡಿ ಬದಲಾದ ಮೇಲೆ ಪರ್ಮಿಟ್ಟೂ ಬದಲಾಗಬೇಕು. ಪರವಾನಗಿ ಕೊಡುವ ಕಚೇರಿಗೆ ಇಬ್ಬರೂ ಹೋದೆವು. ಸೀಟು ಐದಾದರೆ ಇವರು ಎಲ್ಲಿ ಕೂರುತ್ತಾರೆ ಎಂದು ಗುಮಾಸ್ತರು ಚಾಲಕನನ್ನು ಕೇಳಿದರು. ತಮ್ಮ ಕುರ್ಚಿಯ ಮೇಲೆ ಎಂದ ಆತ. ಆ ಕುರ್ಚಿ ಗಾಡಿಯ ದಾಖಲೆಯಲ್ಲಿದೆಯೇ? ಇರಲಿಲ್ಲ.

"ಹಂಗಾರ ಅದು ಸೀಟಲ್ಲ. ಸೀಟಿಲ್ಲದ ಜಾಗಾದಾಗ ಇಡೂದು ಸಾಮಾನು," ಎಂದರು. ನಾನು ಎದುರಿಗೇ ಇದ್ದುದು ಆಗ ನೆನಪಾಗಿರಬೇಕು. "ನಿಮಗ ಅಂದಿದ್ದಲ್ರಿ ಮೇಡಂ, ನಿಯಮ ಹೇಳಾಕತ್ತೇನಿ."

ಸಾಮಾನು ಒಯ್ಯಲು ಸರಕಿನ ಪರ್ಮಿಟ್ ಬೇಕು. ಸರಕಿನ ಗಾಡಿಯಲ್ಲಿ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಕುರ್ಚಿಯನ್ನು ನೆಲಕ್ಕೆ ವೆಲ್ಡ್ ಮಾಡಿಸಿದರೆ ಸೀಟಾಗುತ್ತದೆ ಎಂದು ಅವರೇ ದಾರಿ ತೋರಿದರು. ಕಾಲೇಜು ಬಂದಾಗ ಇಳಿಯುವುದು ಹೇಗೆಂದು ಕೇಳಿದೆ. ಇಳಿಯುವುದು ತಮ್ಮ ಇಲಾಖೆಗೆ ಬರುವುದಿಲ್ಲ ಎಂದರು.

ಮುಂದಿನ ವಾರ ಇನ್ನೊಂದು ಮೇಜಿನವರು, ಆಂಬುಲೆನ್ಸ್ ಅಂತ ಬರೆಸಿಬಿಡಿ ಎಂದರು. ಅದಕ್ಕೆ ರೋಗಿ ಬೇಕು. ನನಗೇನು ರೋಗ ಎಂದು ವಿಚಾರಿಸಿದರು. ಇಲ್ಲ ಎಂದೆ. ಬಿಪಿ? ಇಲ್ಲ. ಸಕ್ಕರೆ? ಅದೂ ಇಲ್ಲ. ಈ ವಯಸ್ಸಿನಲ್ಲಿ ಇಷ್ಟೂ ಸಂಪಾದಿಸದವಳನ್ನು ಅವರು ಮರುಕದಿಂದ ನೋಡಿ ಫೈಲು ಮುಚ್ಚಿದರು.

ಐದನೆಯ ಭೇಟಿಗೆ ಇನ್‌ಸ್ಪೆಕ್ಟರರು ಗಾಡಿ ನೋಡಲು ಅಂಗಳಕ್ಕೆ ಬಂದರು. ನಿವೃತ್ತಿಗೆ ಹತ್ತಿರವಾದ, ಮಿತಮಾತಿನ ಮನುಷ್ಯ. ಬ್ರೇಕ್ ಹಾಕಿದಾಗ ಕುರ್ಚಿ ಉರುಳಿದರೆ ಯಾರು ಹೊಣೆ ಎಂಬುದು ಅವರ ಅನುಮಾನ. ಅದು ನ್ಯಾಯವಾದ ಅನುಮಾನವೇ.

"ನಾ ಹೇಳಿದ್ರ ನಿಮಗ ನಂಬಿಕಿ ಬರೂದಿಲ್ರಿ ಸಾಹೇಬ್ರ. ನೀವ ಕುಂತು ನೋಡ್ರಿ," ಎಂದೆ.

ಅವರು ಸುತ್ತ ಕಣ್ಣಾಡಿಸಿ, ಟೋಪಿ ತೆಗೆದಿಟ್ಟು ಒಪ್ಪಿದರು. ಚಾಲಕ ಡಾಕ್ಟರ ಮಾತು ಮೀರಿ ನನ್ನನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿದ. ಇನ್‌ಸ್ಪೆಕ್ಟರರು ನನ್ನ ಕುರ್ಚಿಯಲ್ಲಿ ಕುಳಿತರು. ಕಚೇರಿಯ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಅಷ್ಟರಲ್ಲಿ ಅರ್ಜಿ ಹಿಡಿದ ಯಾರೋ ಒಬ್ಬರು ಬಂದು, ಕುರ್ಚಿಯಲ್ಲಿದ್ದವರನ್ನು ಬಿಟ್ಟು ಚಾಲಕನ ಕಿವಿಯ ಹತ್ತಿರ ಬಾಗಿ ಕೇಳಿದರು: "ಪಾಪ, ಇವರಿಗೇನಾಗೇತ್ರಿ?"

"ನನ್ನ ಕೇಳ್ರಿ," ಎಂದರು ಇನ್‌ಸ್ಪೆಕ್ಟರರು. ಧ್ವನಿ ಏರಿರಲಿಲ್ಲ, ಆದರೆ ಕಿವಿ ಕೆಂಪಾಗಿದ್ದವು. ಬಿದ್ದ ಮೇಲಿನ ಈ ಆರು ವರ್ಷಗಳಲ್ಲಿ ನಾನು ಎಷ್ಟೋ ಸಲ ನುಂಗಿಕೊಂಡ ಮಾತನ್ನು ಅವರು ಎರಡೇ ನಿಮಿಷದಲ್ಲಿ ಹೇಳಿದ್ದರು.

ಕುರ್ಚಿ ಸಮೇತ ಗಾಡಿ ಹತ್ತಿ, ಬೆಲ್ಟು ಬಿಗಿಸಿಕೊಂಡು ಅಂಗಳದಲ್ಲಿ ಮೂರು ಸುತ್ತು ಹೊಡೆಸಿ, ಗಕ್ಕನೆ ಬ್ರೇಕ್ ಹಾಕಿಸಿದರು. ಕುರ್ಚಿ ಜಗ್ಗಲಿಲ್ಲ. ಇಳಿದವರು ತಪಾಸಣೆಯ ಕಾಗದದ ಮೇಲೆ ಕೈಬರಹದಲ್ಲೇ ಬರೆದರು: ಐದು ಆಸನಗಳು, ಹಾಗೂ ಸ್ವಂತ ಆಸನದ ಪ್ರಯಾಣಿಕರು ಒಬ್ಬರು. ಓದಿ ನನ್ನ ಕಣ್ಣು ಒದ್ದೆಯಾಯಿತು. ಸರಕಾರಿ ಕಾಗದ ಓದಿ ಅತ್ತದ್ದು ಅದೊಂದೇ ಸಲ.

ಮೇಲಿನ ಕಚೇರಿ ಸುಮ್ಮನಿರಬೇಕಲ್ಲ. ಪರ್ಮಿಟ್ ಬಂದಾಗ ಅದರಲ್ಲಿ ಒಂದು ಷರತ್ತು ಸೇರಿತ್ತು: ಸ್ವಂತ ಆಸನದ ಪ್ರಯಾಣಿಕರು ಇಲ್ಲದಿರುವಾಗ ಇತರರನ್ನು ಒಯ್ಯತಕ್ಕದ್ದಲ್ಲ. ಉಳಿದ ಐದು ಸೀಟುಗಳು ನನ್ನ ದಯೆಯಲ್ಲಿ ಬದುಕುವಂತಾಯಿತು. ಷರತ್ತು ತೆಗೆಸಲು ಅರ್ಜಿ ಕೊಟ್ಟಿದ್ದೇವೆ. ಅಲ್ಲಿಯವರೆಗೆ ಆತನ ದುಡಿಮೆ ನಿಲ್ಲಬಾರದಲ್ಲ; ಭಾನುವಾರ ಬಾಡಿಗೆ ಸಿಕ್ಕರೆ ನಾನೂ ಸೀರೆಯುಟ್ಟು ಹೊರಡುತ್ತೇನೆ. ಅಮ್ಮಿನಬಾವಿಯ ಸೀಮಂತ, ಹುಬ್ಬಳ್ಳಿಯ ಗೃಹಪ್ರವೇಶ, ಯಾವುದನ್ನೂ ತಪ್ಪಿಸಿಲ್ಲ.

ಹೋದ ತಿಂಗಳು ಅಮರಗೋಳದ ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಿದ್ದೆ. ಬಡಿಸುತ್ತಿದ್ದ ಹಿರಿಯರು, ನೀವು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂದು ವಿಚಾರಿಸಿದರು.

"ಗಾಡಿ ಕಡಿಯಾಕಿ ರೀ," ಎಂದೆ.

ಅವರಿಗೆ ಏನು ತಿಳಿಯಿತೋ, ಇನ್ನೊಂದು ಹೋಳಿಗೆ ಹಾಕಿ, ತುಪ್ಪದವರನ್ನು ಕೂಗಿದರು.